ಕಲಾದಗಿಯ ಫಲಭಾಗ್ಯ
ಘಟಪ್ರಭೆಯ ದಂಡೆಯಲ್ಲಿರುವ ಕಲಾದಗಿಯು ಆಂಗ್ಲರ ಆಳಿಕೆಯಲ್ಲಿ ಒಂದು ಜಿಲ್ಲೆಗೇ ತನ್ನ ಹೆಸರನ್ನಿತ್ತು ಮೆರೆದ ಊರಾಗಿದ್ದು, 1885ರಲ್ಲಿ ಆ ಜಿಲ್ಲೆಯ ಅಧಿಕಾರಪೀಠವು ವಿಜಾಪುರಕ್ಕೆ ತೆರಳಿದ ಮೇಲೆ ತನ್ನ ವೈಭವವನ್ನು ಕಳೆದುಕೊಂಡಿತು. ಭೂಗರ್ಭಶಾಸ್ತ್ರಜ್ಞ ರಾಬರ್ಟ್ ಬ್ರೂಸ್ ಫೂಟನು ಈ ಸೀಮೆಯ ಪುರಾತನ ಶಿಲಾಸ್ತರಗಳಿಗೆ ಇದೇ ಊರ ಹೆಸರನ್ನಿಟ್ಟುದರಿಂದ ವಿದ್ವಲ್ಲೋಕದಲ್ಲಿ ಅದರ ಕೀರ್ತಿಯು ಉಳಿಯಿತಾದರೂ, ಜನಸಾಮಾನ್ಯರ ನಾಲಗೆಯ ಮೇಲೆ ಅದನ್ನುಳಿಸಿದವು ಚಿಕ್ಕು, ದಾಳಿಂಬೆ, ಪೇರಲಗಳೇ. ಮಳೆ ಕಡಮೆಯಾದ ಈ ಪ್ರದೇಶದಲ್ಲಿ ನೀರುಣಿಸಿ ಬೆಳೆಸಿದ ತೋಟಗಳೊಳಗೆ, ಅಮೆರಿಕ ಖಂಡದಿಂದ ಬಂದ ಚಿಕ್ಕುಗಿಡವು ಒಮ್ಮೆ ಬೇರೂರಿತೆಂದರೆ ದಶಕಗಳ ಕಾಲ ಫಲವೀಯುವುದಲ್ಲದೆ, ಕೊಯ್ದ ತರುವಾಯ ಹಣ್ಣಾಗುವ ಗುಣದಿಂದ ದೂರದ ಪೇಟೆಯ ಪಯಣವನ್ನೂ ತಾಳಿಕೊಳ್ಳುವುದು. ರಾಜಾಶ್ರಯ ತಪ್ಪಿದ ಊರುಗಳು ಪೂರ್ವವೈಭವವನ್ನು ನೆನೆದು ನಿಟ್ಟುಸಿರಿಡುವುದು ಲೋಕರೂಢಿ. ಕಲಾದಗಿಯಾದರೋ ವೃಕ್ಷಾಶ್ರಯವನ್ನು ಪಡೆದು, ಕಚೇರಿಗಳು ತಂದುಕೊಡಲಾರದ ಅಕ್ಕರೆಯನ್ನು ಹಣ್ಣಿನಿಂದ ಗಳಿಸಿಕೊಂಡಿತು.