ಕಿರುಭಾಷೆಯ ಕೇಳುಗರು ಮತ್ತು ಹೊಸ ಹಾಡುಗಾರರು

ತಾವೇ ಬರೆದು, ತಾವೇ ರಾಗ ಕೂಡಿಸಿ, ಗಿಟಾರ್ ಹಿಡಿದು ತಾವೇ ಹಾಡುವ ಕಲಾವಿದರು ವೃತ್ತಿಯ ಮೊದಲ ದಿನಗಳಲ್ಲೇ ತೀರ್ಮಾನಿಸಬೇಕಾದ ಸಂಗತಿಯೆಂದರೆ ಯಾರಿಗಾಗಿ, ಯಾವ ಭಾಷೆಯಲ್ಲಿ ಹಾಡಬೇಕು ಎಂಬುದು. ಕೊಡಗಿನಲ್ಲಿ ಈ ತೀರ್ಮಾನ ಇನ್ನಷ್ಟು ಕಠಿಣವಾಗುತ್ತದೆ. 2011ರ ಜನಗಣತಿಯಲ್ಲಿ ಕೊಡವ ತಕ್ಕನ್ನು ಮಾತೃಭಾಷೆಯೆಂದು ಬರೆಸಿದವರು ಸುಮಾರು 1.13 ಲಕ್ಷ ಮಂದಿ ಮಾತ್ರ. ಐದೂವರೆ ಲಕ್ಷ ಜನಸಂಖ್ಯೆಯ ಈ ಪುಟ್ಟ ಜಿಲ್ಲೆಯಲ್ಲಿ ಅದರ ಜೊತೆಗೆ ಅರೆಭಾಷೆ, ಎರವ, ಕುರುಬ ನುಡಿಗಳು, ತುಳು, ಮಲಯಾಳಂ, ಕನ್ನಡ ಎಲ್ಲವೂ ಬದುಕಿವೆ. ಇಷ್ಟು ಚಿಕ್ಕ ಕೇಳುಗ ಸಮೂಹವನ್ನು ನಂಬಿ ಸಂಗೀತವನ್ನೇ ಜೀವನೋಪಾಯವಾಗಿ ಮಾಡಿಕೊಳ್ಳುವುದು ಸಾಧ್ಯವೇ ಎಂಬ ಅಳುಕಿನಿಂದ, ಕಂಟ್ರಿ-ರಾಕ್ ಹಾಡಲು ಹೊರಟ ಯುವಕ ಯುವತಿಯರು ಇಂಗ್ಲಿಷಿನಲ್ಲಿ, ಅದೂ ಅಮೆರಿಕದ ಉಚ್ಚಾರಣೆಯಲ್ಲಿ, ತಾವು ಕಾಣದ ಹೆದ್ದಾರಿಗಳನ್ನೂ ಹುಲ್ಲುಗಾವಲುಗಳನ್ನೂ ಹಾಡಲು ತೊಡಗುವುದು ಸಹಜವೇ. ಆದರೆ ಕಂಟ್ರಿ ಸಂಗೀತದ ಚರಿತ್ರೆಯೇ ಈ ಆಯ್ಕೆಗೆ ವಿರುದ್ಧವಾಗಿ ಸಾಕ್ಷಿ ನುಡಿಯುತ್ತದೆ.

ಕಂಟ್ರಿ ಎಂದರೆ ಅಮೆರಿಕದ ದಕ್ಷಿಣ ಭಾಗದ ಬೆಟ್ಟಗಾಡಿನ ರೈತರು, ಗಣಿಕಾರ್ಮಿಕರು, ರೈಲುಹಾದಿಯ ಕೂಲಿಗಳು ಹಾಡಿಕೊಂಡು ಬಂದ ಕಥನಗೀತೆಗಳಿಂದ ಬೆಳೆದ ಸಂಗೀತ. ಅದಕ್ಕೆ ರಾಕ್ ಸಂಗೀತದ ಡ್ರಮ್ಸ್ ಮತ್ತು ಎಲೆಕ್ಟ್ರಿಕ್ ಗಿಟಾರಿನ ಬಿರುಸು ಬೆರೆತು 1960ರ ದಶಕದ ಕೊನೆಯಲ್ಲಿ ಕಂಟ್ರಿ-ರಾಕ್ ರೂಪುಗೊಂಡಿತು. ಗ್ರ್ಯಾಂ ಪಾರ್ಸನ್ಸ್ ಸೇರಿದ್ದ ಬರ್ಡ್ಸ್ ತಂಡ 1968ರಲ್ಲಿ ಹೊರತಂದ ಆಲ್ಬಂ ಈ ಪ್ರಕಾರದ ಆರಂಭದ ಗುರುತುಗಳಲ್ಲೊಂದು. ಅದರ ಬೇರು ಮಾತ್ರ ಇನ್ನೂ ಹಿಂದಕ್ಕೆ, 1927ರ ಬೇಸಿಗೆಗೆ ಹೋಗುತ್ತದೆ. ಆಗ ವಿಕ್ಟರ್ ಕಂಪನಿಯ ಪರವಾಗಿ ರಾಲ್ಫ್ ಪಿಯರ್ ಎಂಬಾತ ಟೆನ್ನೆಸೀ ರಾಜ್ಯದ ಬ್ರಿಸ್ಟಲ್ ಎಂಬ ಪಟ್ಟಣದಲ್ಲಿ ಧ್ವನಿಮುದ್ರಣದ ಉಪಕರಣಗಳನ್ನು ಹೂಡಿದಾಗ, ವರ್ಜೀನಿಯಾದ ಬೆಟ್ಟಗಳಿಂದ ಇಳಿದುಬಂದ ಕಾರ್ಟರ್ ಕುಟುಂಬದ ಮೂವರು ತಮ್ಮ ಮನೆಗಳಲ್ಲಿ ಹಾಡುತ್ತಿದ್ದುದನ್ನೇ ಅಲ್ಲಿ ಹಾಡಿದರು. ಅವರು ನಗರದ ಉಚ್ಚಾರಣೆಯನ್ನು ಅನುಕರಿಸಲಿಲ್ಲ. ದೂರದ ಕೇಳುಗರೇ ಅವರ ಉಚ್ಚಾರಣೆಗೆ ಕಿವಿ ಹೊಂದಿಸಿಕೊಂಡರು.

ಇದಕ್ಕೆ ಕೇವಲ ಮೂರು ವರ್ಷ ಮೊದಲು, 1924ರಲ್ಲಿ, ಕೊಡಗಿನಲ್ಲಿ ಪೊಲೀಸ್ ಅಧಿಕಾರಿಯಾಗಿದ್ದ ನಡಿಕೇರಿಯಂಡ ಚಿಣ್ಣಪ್ಪನವರು ‘ಪಟ್ಟೋಲೆ ಪಳಮೆ’ಯನ್ನು ಪ್ರಕಟಿಸಿದ್ದರು. ಮದುವೆ, ಸಾವು, ಪುತ್ತರಿ ಎಂಬ ಸುಗ್ಗಿಹಬ್ಬ, ದೈವಾರಾಧನೆಗಳ ಹಾಡುಗಳನ್ನು ಹಾಡುಗಾರರ ಬಾಯಿಂದಲೇ ಕೇಳಿ ಕನ್ನಡ ಲಿಪಿಯಲ್ಲಿ ಬರೆದಿಟ್ಟ ಆ ಸಂಗ್ರಹ, ಭಾರತದ ಒಂದು ಸಮುದಾಯದ ಜಾನಪದವನ್ನು ವಿಸ್ತಾರವಾಗಿ ದಾಖಲಿಸಿದ ಮೊದಮೊದಲ ಗ್ರಂಥಗಳಲ್ಲೊಂದು. ಎರಡು ಬೆಟ್ಟಗಾಡುಗಳ ಹಾಡುಗಳು ಒಂದೇ ದಶಕದಲ್ಲಿ ಮುದ್ರಣ ಕಂಡರೂ, ಒಂದು ಧ್ವನಿಯಾಗಿ ಮಾರುಕಟ್ಟೆಗೆ ಹೋಯಿತು, ಇನ್ನೊಂದು ಅಕ್ಷರವಾಗಿ ಪುಸ್ತಕದಲ್ಲಿ ಉಳಿಯಿತು. ಮುಂದೆ ಅವೆರಡರ ಪ್ರಚಾರದಲ್ಲಿ ಕಂಡ ಅಂತರಕ್ಕೆ ಇದೂ ಒಂದು ಕಾರಣ. ಹಾಗಿದ್ದರೂ ಎರಡರ ಗುಣ ಒಂದೇ. ಕೊಡವರಲ್ಲಿ ದುಡಿ ಎಂಬ ಪುಟ್ಟ ಚರ್ಮವಾದ್ಯ ಹಿಡಿದ ನಾಲ್ವರಲ್ಲಿ ಇಬ್ಬರು ಸಾಲನ್ನು ಎತ್ತಿಕೊಟ್ಟರೆ ಉಳಿದಿಬ್ಬರು ಮರಳಿ ಹಾಡುವ ಪದ್ಧತಿ, ಒಕ್ಕ ಎಂದು ಕರೆಯುವ ಮನೆತನವನ್ನು ಹೆಸರಿಟ್ಟು ಕೊಂಡಾಡುವ ಮನೆ ಪಾಟ್, ಸತ್ತವರ ಬದುಕನ್ನು ನೆನೆಯುವ ಚಾವು ಪಾಟ್ ಇವೆಲ್ಲವುಗಳ ಒಳಗಿರುವುದು ಊರು, ಮನೆ, ವ್ಯಕ್ತಿಗಳನ್ನು ಹೆಸರು ಹಿಡಿದು ಕಥೆ ಹೇಳುವ ಗುಣ. ಕಂಟ್ರಿ ಸಂಗೀತ ನಿಂತಿರುವುದೂ ಇದೇ ಗುಣದ ಮೇಲೆ. ಆದ್ದರಿಂದ ಕೊಡಗಿನ ಹೊಸ ಹಾಡುಗಾರರಿಗೆ ಈ ಪ್ರಕಾರ ಪರಕೀಯವೇನೂ ಅಲ್ಲ. ಇಂಗ್ಲಿಷ್ ಹಾಡಿನ ನಡುವೆ ನಾಲ್ಕು ಪೆಟ್ಟು ದುಡಿ ಬಾರಿಸಿ ಅದನ್ನು ಕೊಡಗಿನ ಹಾಡೆಂದು ಕರೆಯುವುದು ಮಾತ್ರ ಅಲಂಕಾರವಾದೀತೇ ಹೊರತು ಸೃಷ್ಟಿಯಾಗಲಾರದು. ಹೂಮಳೆ ತಪ್ಪಿದ ವರ್ಷ ಕಾಫಿ ಗಿಡದ ಮುಂದೆ ನಿಲ್ಲುವ ಬೆಳೆಗಾರ, ಲೈನ್ ಮನೆಯ ಕಾರ್ಮಿಕ ಕುಟುಂಬ, ಗದ್ದೆಗಿಳಿದ ಆನೆ, 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮನೆ ಕಳೆದುಕೊಂಡವರು, ಬೆಂಗಳೂರಿಗೆ ಹೋದ ಮಕ್ಕಳನ್ನು ಕಾಯುವ ಐನ್‌ಮನೆ ಎಂಬ ಮನೆತನದ ಮೂಲಮನೆ: ಕಥನಗೀತೆಗೆ ಇದಕ್ಕಿಂತ ಸಮೃದ್ಧವಾದ ವಸ್ತು ಬೇರೆಲ್ಲಿ ಸಿಕ್ಕೀತು?

ಹೊಟ್ಟೆಪಾಡಿನ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಒಂದು ಲಕ್ಷ ಚಿಲ್ಲರೆ ಮಂದಿಯ ಭಾಷೆಯಲ್ಲಿ ಹಾಡಿ ಅಂತರ್ಜಾಲದ ಹಾಡುತಾಣಗಳ ಬಿಡಿಕಾಸಿನಿಂದ ಸಂಸಾರ ತೂಗಿಸುವುದು ಕಷ್ಟ; ರೆಸಾರ್ಟ್ ಮತ್ತು ಹೋಂಸ್ಟೇಗಳ ಸಂಜೆ ಕಾರ್ಯಕ್ರಮಗಳಲ್ಲಿ ಪ್ರವಾಸಿಗರು ಕೇಳುವುದೂ ತಮಗೆ ಪರಿಚಿತವಾದ ಹಾಡುಗಳನ್ನೇ. ಅಂಥ ಸಂಪಾದನೆಯಲ್ಲಿ ಅವಮಾನವಿಲ್ಲ, ಆದರೆ ಅದರಿಂದ ಸ್ವಂತ ಹಾಡು ಹುಟ್ಟುವುದಿಲ್ಲ. ಇಲ್ಲಿ ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತರ ಉದಾಹರಣೆ ಉಪಯುಕ್ತ. ಸೂಕ್ಷ್ಮಜೀವಶಾಸ್ತ್ರ ಓದಿದ್ದ ಅವರು ಗಿಟಾರಿನ ಜೊತೆಗೆ ಶಿಶುನಾಳ ಶರೀಫರ ಪದಗಳನ್ನು ಕನ್ನಡದಲ್ಲೇ ಹಾಡಿದರು. 2008ರಲ್ಲಿ ಅವರ ಮೊದಲ ಆಲ್ಬಂ ಬಂತು, 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದ ವೇದಿಕೆ ದೊರೆಯಿತು, 2011ರಲ್ಲಿ ಬ್ರಿಟನ್ನಿನ ಸಾಂಗ್‌ಲೈನ್ಸ್ ಪತ್ರಿಕೆಯ ಹೊಸ ಪ್ರತಿಭೆಯ ಪ್ರಶಸ್ತಿ ಬಂತು. ಕನ್ನಡ ಕೋಟ್ಯಂತರ ಜನರ ಭಾಷೆ, ಅದನ್ನು ಕೊಡವ ತಕ್ಕಿಗೆ ಹೋಲಿಸುವುದು ಸರಿಯಲ್ಲ ಎನ್ನಬಹುದು. ಆದರೆ ಲಂಡನ್ನಿನ ಕೇಳುಗರ ಪಾಲಿಗೆ ಎರಡೂ ಸಮಾನವಾಗಿ ಅಪರಿಚಿತ, ಅವರನ್ನು ಹಿಡಿದು ನಿಲ್ಲಿಸಿದ್ದು ಹಾಡಿನ ಹುರುಪು. ಜೊತೆಗೆ, ಮೊದಲು ಬೇಕಾಗುವುದು ಲಕ್ಷ ಜನ ಅಲ್ಲವೇ ಅಲ್ಲ. ಹಾಡಿನಲ್ಲಿ ಬಂದ ಊರಿನ ಹೆಸರು ಕೇಳಿ ತಲೆಯೆತ್ತುವ, ತಪ್ಪಿದ್ದರೆ ಅಲ್ಲೇ ತಿದ್ದುವ ಕೆಲವು ನೂರು ಮಂದಿ ಸಾಕು. ಅವರ ಮುಂದೆ ಪಳಗಿದ ಹಾಡು ಹೊರಗೆಲ್ಲಿಯೂ ಬೆದರುವುದಿಲ್ಲ.

ಕಾರ್ಟರ್ ಕುಟುಂಬದ ಕಥೆಯಲ್ಲಿ ಇನ್ನೊಂದು ಮುಖವಿದೆ, ಅದನ್ನು ಹೊಸಬರು ಅವಶ್ಯ ತಿಳಿದಿರಬೇಕು. ಬೆಟ್ಟಗಳಲ್ಲಿ ತಿರುಗಿ ಹಾಡು ಸಂಗ್ರಹಿಸುವಾಗ ಎ. ಪಿ. ಕಾರ್ಟರನಿಗೆ ನೆರವಾದವನು ಲೆಸ್ಲಿ ರಿಡಲ್ ಎಂಬ ಕಪ್ಪು ಗಿಟಾರ್ ವಾದಕ. ಹಾಡುಗಳು ಕಾರ್ಟರನ ಹೆಸರಿನಲ್ಲಿ ನೋಂದಣಿಯಾದವು, ಪ್ರಕಾಶನದ ಹಕ್ಕಿನಿಂದ ಪಿಯರ್ ಸಂಪನ್ನನಾದ, ರಿಡಲ್‌ನ ಹೆಸರು ದಶಕಗಳ ಕಾಲ ಮರೆಯಲ್ಲೇ ಉಳಿಯಿತು. ಕೊಡಗಿನಲ್ಲಿಯೂ ವಾಲಗ ನುಡಿಸುತ್ತ ಬಂದ ಮೇದ, ಕೆಂಬಟ್ಟಿ ಸಮುದಾಯಗಳಿಂದ, ಎರವ ಮತ್ತು ಕುರುಬರ ಹಾಡಿಗಳಿಂದ ತಾಳವನ್ನೋ ಧಾಟಿಯನ್ನೋ ಪಡೆಯುವವರು ಕಲಿಸಿದವರ ಹೆಸರನ್ನು ಮುದ್ರಣದ ಮೇಲೆ ಬರೆಯಬೇಕು, ಹಣದಲ್ಲಿಯೂ ಪಾಲು ಕೊಡಬೇಕು; ಜಾನಪದಕ್ಕೆ ಪ್ರತ್ಯೇಕ ಕಾನೂನಿನ ರಕ್ಷಣೆ ಇಲ್ಲದಿರುವಾಗ ಇದು ಹಾಡುಗಾರರ ಸ್ವಂತ ನ್ಯಾಯಬುದ್ಧಿಗೆ ಬಿಟ್ಟ ಹೊಣೆ. ತಮ್ಮ ಪಾಲಿನ ಹಕ್ಕಿಗಾದರೋ ಕಾನೂನು ಇದೆ. ಹಾಡಿನ ರಚನೆಯ ಹಕ್ಕು ಬೇರೆ, ಧ್ವನಿಮುದ್ರಣದ ಹಕ್ಕು ಬೇರೆ. 1957ರ ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಸಾಹಿತ್ಯ ಬರೆದವರೂ ಸಂಗೀತ ಕೊಟ್ಟವರೂ ತಮ್ಮ ಗೌರವಧನದ ಪಾಲನ್ನು ಕಂಪನಿಗೆ ಬಿಟ್ಟುಕೊಡುವಂತಿಲ್ಲ. ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಇಷ್ಟನ್ನಾದರೂ ಓದಿಕೊಂಡಿರಬೇಕು.

ಹೊಸ ಹಾಡುಗಾರರ ಮೇಲೆಯೇ ಎಲ್ಲ ಭಾರವನ್ನೂ ಹೊರಿಸುವುದು ಅನ್ಯಾಯ. ಕೊಡವ ಮತ್ತು ಅರೆಭಾಷೆ ಎರಡಕ್ಕೂ ಮಡಿಕೇರಿಯಲ್ಲಿ ಸರ್ಕಾರದ ಅಕಾಡೆಮಿಗಳಿವೆ, ಅದೇ ಊರಿನಲ್ಲಿ ಆಕಾಶವಾಣಿ ಕೇಂದ್ರವೂ ಇದೆ. ಈ ಸಂಸ್ಥೆಗಳು ಪುಸ್ತಕಕ್ಕೆ ಕೊಡುವ ಗೌರವವನ್ನು ಹೊಸ ಹಾಡಿನ ಧ್ವನಿಮುದ್ರಣಕ್ಕೂ ಕೊಟ್ಟು, ಗಿಟಾರ್ ಕಂಡೊಡನೆ ಅದನ್ನು ಪರಂಪರೆಯ ವಿರೋಧಿಯೆಂದು ದೂರವಿಡದೆ, ಕಿರುಭಾಷೆಯಲ್ಲಿ ಬರೆದು ಹಾಡುವವರಿಗೆ ಪ್ರತಿ ವರ್ಷ ಒಂದಿಷ್ಟು ಹಣವನ್ನೂ ಪ್ರಸಾರದ ಸಮಯವನ್ನೂ ಮೀಸಲಿಡಬೇಕು.