ಸರ್ವರ್ ಸತ್ತಿದೆ ಅಂದವರ‍್ಯಾರು?

"ಲೋ, ಎರಡು ದಿನದಿಂದ ಯಾರಿಗೂ ಟಿಕೆಟ್ ಮೇಲ್ ಹೋಗ್ತಿಲ್ಲ. ಸರ್ವರ್ ಸತ್ತಿದೆಯಂತೆ! ನಾಳೆ ಧರ್ಮಸ್ಥಳಕ್ಕೆ ಹೊರಟವರೆಲ್ಲ ಫೋನ್ ಮಾಡಿ ಬೈತಿದಾರೆ." ಶನಿವಾರ ಬೆಳಗ್ಗೆ ಹಾಸನದಿಂದ ಅಕ್ಕನ ಫೋನ್. ಅವಳದ್ದು ಸಣ್ಣ ಟ್ರಾವೆಲ್ಸ್ ಆಫೀಸು. ಭಾವ ಆಗಲೇ ಸಾಫ್ಟ್‌ವೇರ್ ಅಳಿಸಿ ಮತ್ತೆ ಹಾಕೋಕೆ ಕೂತಿದ್ರು. "ಹತ್ತು ನಿಮಿಷ ಏನೂ ಮುಟ್ಟಬೇಡಿ ಅಂತ ಭಾವಂಗೆ ಹೇಳು" ಅಂದು ಲ್ಯಾಪ್‌ಟಾಪ್‌ನಲ್ಲಿ ಕಮಾಂಡ್ ಲೈನ್ ತೆರೆದೆ.

ಮೇಲ್ ಸರ್ವರ್ ಜೊತೆ ನಾವೇ ಟೈಪ್ ಮಾಡಿ ಮಾತಾಡಬಹುದು. ಎಸ್‌ಎಂಟಿಪಿ ಅನ್ನೋ ಈ ಭಾಷೆ 1982ರಿಂದ ಬಳಕೆಯಲ್ಲಿದೆ. ಪ್ರತಿ ಮಾತಿಗೂ ಮೂರಂಕಿಯ ಉತ್ತರ. 2ರಿಂದ ಶುರುವಾದ್ರೆ ಸರಿ, 4 ಅಂದ್ರೆ ಈಗಾಗಲ್ಲ ಆಮೇಲೆ ಬನ್ನಿ, 5 ಅಂದ್ರೆ ಖಡಾಖಂಡಿತ ಇಲ್ಲ.

ಮೊದಲು ಟೆಲ್‌ನೆಟ್‌ನಿಂದ 25ನೇ ಪೋರ್ಟ್ ತಟ್ಟಿದೆ. ಸದ್ದೇ ಇಲ್ಲ. ತುಂಬ ಜನ 'ಸರ್ವರ್ ಡೌನ್' ಅನ್ನೋದು ಇಲ್ಲೇ. ಆದ್ರೆ ಸ್ಪ್ಯಾಮ್ ತಡೆಯೋಕೆ ಎಷ್ಟೋ ಇಂಟರ್ನೆಟ್ ಕಂಪನಿಗಳು ಮನೆ ಕನೆಕ್ಷನ್‌ಗಳಲ್ಲಿ ಆ ಪೋರ್ಟನ್ನು ಮುಚ್ಚಿರ್ತಾರೆ. ನಮ್ಮಂಥವರು ಮೇಲ್ ಕಳಿಸೋ ಬಾಗಿಲು 587. ಅಲ್ಲಿ ತಟ್ಟಿದ ಕೂಡಲೇ 220 ಬಂತು. ಜೀವ ಇದೆ!

ಪಾಸ್‌ವರ್ಡನ್ನು ಬರೀ ಟೆಲ್‌ನೆಟ್‌ನಲ್ಲಿ ಕಳಿಸಬಾರದು, ದಾರಿಯಲ್ಲಿ ಯಾರಾದ್ರೂ ಓದಬಹುದು. ಹಾಗಾಗಿ ಓಪನ್‌ಎಸ್‌ಎಸ್‌ಎಲ್‌ನ ಎಸ್‌-ಕ್ಲೈಂಟ್ ಹಿಡಿದು, ಸ್ಟಾರ್ಟ್‌ಟಿಎಲ್‌ಎಸ್ ಜೊತೆ ಒಳಗೆ ಹೋದೆ. ಸಾಫ್ಟ್‌ವೇರ್‌ನಲ್ಲಿದ್ದ ಪಾಸ್‌ವರ್ಡ್ ಕೊಟ್ಟೆ. ಉತ್ತರ 535: ಲಾಗಿನ್ ಆಗಲ್ಲ.

"ಅಕ್ಕ, ಪಾಸ್‌ವರ್ಡ್ ಬದಲಾಯಿಸಿದ್ಯಾ?"

"ಹ್ಞೂಂ, ಗುರುವಾರ. ಮೊಬೈಲ್‌ನಲ್ಲಿ ಮೇಲ್ ಬರ್ತಾನೇ ಇದೆಯಲ್ಲೋ!"

ಮೊಬೈಲ್‌ಗೆ ಹೊಸದು ಗೊತ್ತು, ಟಿಕೆಟ್ ಸಾಫ್ಟ್‌ವೇರ್‌ನಲ್ಲಿ ಹಳೇದೇ ಕೂತಿದೆ. ಹೊಸದು ಕೊಟ್ಟೆ, 235. ಒಳಗೆ ಬಿಡ್ತು.

ನೀವೂ ಮಾಡಿ ನೋಡೋದಾದ್ರೆ ಒಂದು ಮಾತು. ಮೇಲ್ ಯಾರಿಗೆ ಅಂತ ಹೇಳೋ 'ಆರ್‌ಸಿಪಿಟಿ' ಸಾಲನ್ನು ಸಣ್ಣಕ್ಷರದಲ್ಲೇ ಬರೆಯಿರಿ. ಸಾಲು ದೊಡ್ಡ 'ಆರ್'ನಿಂದ ಶುರುವಾದ್ರೆ ಎಸ್‌-ಕ್ಲೈಂಟ್ ಅದನ್ನ ತನಗೇ ಕೊಟ್ಟ ಅಪ್ಪಣೆ ಅಂದ್ಕೊಳ್ಳುತ್ತೆ, ಸರ್ವರ್‌ಗೆ ತಲುಪಿಸೋದೇ ಇಲ್ಲ. ಇದು ಗೊತ್ತಿಲ್ಲದೆ ಹಿಂದೊಮ್ಮೆ ಒಂದಿಡೀ ಸಂಜೆ ಕಳೆದಿದ್ದೆ.

'ಡೇಟಾ' ಅಂದೆ, 354 ಬಂತು. "ತಿಂಡಿ ಆಯ್ತಾ ಅಕ್ಕ?" ಅಂತ ಬರೆದು, ಕೊನೇ ಸಾಲಲ್ಲಿ ಒಂದೇ ಒಂದು ಚುಕ್ಕಿ ಇಟ್ಟೆ. 250. ಅಂದ್ರೆ ಸರ್ವರ್ ಒಪ್ಕೊಂಡಿದೆ ಅಂತಷ್ಟೇ, ಇನ್‌ಬಾಕ್ಸ್ ಸೇರಿತು ಅಂತಲ್ಲ. ಅದಕ್ಕೇ ಫೋನ್ ಹಿಡಿದೇ ಕಾದೆ.

"ಬಂತು ಕಣೋ! ಇನ್ನೂ ಎಲ್ಲಿ ತಿಂಡಿ?"

ಮುಂದಿನ ಸಲ ಯಾರಾದ್ರೂ ಸರ್ವರ್ ಸತ್ತಿದೆ ಅಂದ್ರೆ ಒಮ್ಮೆ ಅದನ್ನೇ ಕೇಳಿ ನೋಡಿ.