ಬನಿಯನ್ನಿನ ಮೇಲೊಂದು ಪಟ್ಟಿ

ಹದಿಮೂರರ ಹುಡುಗ ಇದ್ದಕ್ಕಿದ್ದಂತೆ ದೊಗಳೆ ಅಂಗಿಯೇ ಬೇಕು ಎನ್ನುತ್ತಾನೆ. ಭುಜ ಮುಂದಕ್ಕೆ ಬಾಗಿಸಿ ನಡೆಯುತ್ತಾನೆ, ಈಜಲು ಕರೆದರೆ ನೆಗಡಿಯ ನೆಪ ಹೇಳುತ್ತಾನೆ. ಒಂದು ದಿನ ಬಚ್ಚಲಿನಿಂದ ಹೊರಬರುವಾಗ ಅಮ್ಮನ ಕಣ್ಣಿಗೆ ಬೀಳುತ್ತದೆ: ಎದೆಯ ನಡುವೆ ದೋಣಿಯ ತಳದ ಹಾಗೆ ಉಬ್ಬು. ಪಾರಿವಾಳದ ಎದೆ ಎನ್ನುವುದು ಇದನ್ನೇ.

ಪಕ್ಕೆಲುಬನ್ನು ಎದೆಮೂಳೆಗೆ ಸೇರಿಸುವ ಮೃದ್ವಸ್ಥಿ ಬೇಕಾದ್ದಕ್ಕಿಂತ ಹೆಚ್ಚು ಬೆಳೆದು ಎದೆಮೂಳೆಯನ್ನು ಮುಂದಕ್ಕೆ ದೂಡುತ್ತದೆ. ಹುಡುಗಿಯರಿಗಿಂತ ಹುಡುಗರಲ್ಲಿ ಸುಮಾರು 4 ಪಟ್ಟು ಹೆಚ್ಚು. ಹೃದಯಕ್ಕಾಗಲಿ ಶ್ವಾಸಕೋಶಕ್ಕಾಗಲಿ ಸಾಮಾನ್ಯವಾಗಿ ಅಪಾಯವಿಲ್ಲ, ನೋವೆಲ್ಲ ಮನಸ್ಸಿನದು. 'ಜಿಮ್ಮಿಗೆ ಕಳಿಸಿ, ಸರಿಹೋಗುತ್ತೆ' ಎನ್ನುವ ಚಿಕ್ಕಪ್ಪಂದಿರು ಪ್ರತಿ ಮನೆಯಲ್ಲೂ ಇದ್ದಾರೆ. ಸ್ನಾಯು ದಪ್ಪವಾದೀತು, ಮೂಳೆ ಒಳಸರಿಯದು. ಡಿ ವಿಟಮಿನ್ ಕೊರತೆಯ ರಿಕೆಟ್ಸ್‌ನಿಂದಲೂ ಎದೆ ಉಬ್ಬುವುದುಂಟು, ವೈದ್ಯರು ಅದನ್ನು ಮೊದಲು ನೋಡಿಕೊಳ್ಳುತ್ತಾರೆ. ಬೆನ್ನು ಡೊಂಕಾಗಿದೆಯೇ ಎಂದೂ ನೋಡುತ್ತಾರೆ.

ಆಮೇಲೆ ವೈದ್ಯರು ಅಂಗೈಯಿಂದ ಉಬ್ಬನ್ನು ಒತ್ತುತ್ತಾರೆ. ತಗ್ಗಿತೆಂದರೆ, ಉಬ್ಬನ್ನು ಹೊರಗಿನಿಂದ ಒತ್ತಿಹಿಡಿಯುವ ಬ್ರೇಸ್ ಕೆಲಸ ಮಾಡುವ ಲಕ್ಷಣ. ಬೆಳೆಯುವ ವಯಸ್ಸಿನ ಮೃದ್ವಸ್ಥಿ ಕಿವಿಯ ಮೇಲಂಚಿನಂತೆ ಬಗ್ಗುತ್ತದೆ. ಬೆಳವಣಿಗೆ ನಿಂತ ಮೇಲೆ ಗಡುಸಾಗುತ್ತದೆ. ದೊಡ್ಡವನಾಗಲಿ ನೋಡೋಣ ಎಂದು ಕಾಯುವುದು ಅದಕ್ಕೇ ದುಬಾರಿ.

ಬ್ರೇಸ್ ಎಂದರೆ ಮೈಗೆ ತಕ್ಕಂತೆ ಬಾಗಿಸಿದ ಹಗುರ ಲೋಹದ ಪಟ್ಟಿ. ಮುಂದೆ ಮೆತ್ತೆ, ಹಿಂದೆ ಆಸರೆ. ಬ್ಯೂನಸ್ ಐರಿಸ್‌ನ ಮಕ್ಕಳ ಶಸ್ತ್ರವೈದ್ಯ ಮಾರ್ಸೆಲೊ ಮಾರ್ಟಿನೆಜ್ ಫೆರೊ ಒತ್ತಡವನ್ನು ಅಳೆಯುವ ಬ್ರೇಸನ್ನೇ ರೂಪಿಸಿದರು: ಚದರ ಇಂಚಿಗೆ 2.5 ಪೌಂಡ್ ಮೀರಬಾರದು. ಬೇಗ ತಗ್ಗಲೆಂದು ಬಿಗಿ ಮಾಡಿದರೆ ಚರ್ಮ ಕಿತ್ತುಬರುತ್ತದೆ. ಅದಕ್ಕೆ ಒಳಗೆ ಹತ್ತಿಯ ಬನಿಯನ್ ಹಾಕಿ, ಬೆವರಿದಾಗಲೆಲ್ಲ ಬದಲಿಸಬೇಕು. ಕಳಚಿದಾಗ ಕಾಣುವ ಕೆಂಪು ಸ್ವಲ್ಪ ಹೊತ್ತಿನಲ್ಲಿ ಮಾಯವಾದರೆ ಸರಿ. ಹಾಗೇ ಉಳಿದರೆ, ಚರ್ಮ ಒಡೆದರೆ, ಬ್ರೇಸ್ ಬಿಚ್ಚಿಟ್ಟು ವೈದ್ಯರಿಗೆ ತೋರಿಸಬೇಕು.

ಕಷ್ಟ ಇರುವುದು ಗಂಟೆಗಳಲ್ಲಿ. ವೈದ್ಯರಿಂದ ವೈದ್ಯರಿಗೆ ಲೆಕ್ಕ ಬದಲಾದರೂ, ಮೊದಲ ಕೆಲವು ತಿಂಗಳು ದಿನದ ಬಹುಪಾಲು ಧರಿಸಲೇಬೇಕು. ಎದೆ ಚಪ್ಪಟೆಯಾದ ಮೇಲೂ ಮರಳಿ ಉಬ್ಬದಂತೆ ಬಹಳ ಕಾಲ ರಾತ್ರಿ ಹಾಕಿಕೊಳ್ಳಬೇಕು. ಬ್ರೇಸ್ ಸೋಲುವುದು ಹೆಚ್ಚಾಗಿ ಅಲಮಾರಿನಲ್ಲಿ ಕೂತು. ಹಾಗಾಗಿ ವೈದ್ಯರ ಮುಂದೆ 'ಹಾಕ್ಕೊಳ್ತಾನೆ ಡಾಕ್ಟ್ರೇ' ಎಂದು ಅಪ್ಪ ಮಾತು ಕೊಟ್ಟರೆ ನಂಬಿಕೆ ಬರುವುದಿಲ್ಲ. ಹುಡುಗನನ್ನೇ ಕೇಳಬೇಕು. ಆಟದ ಹೊತ್ತಿಗೆ ಕಳಚಬಹುದೇ, ಕ್ಲಾಸಿನಲ್ಲಿ ಅಂಗಿಯ ಮೇಲೆ ಕಾಣುತ್ತದೆಯೇ ಎಂದು ಅವನು ತಿರುಗಿ ಕೇಳಿದರೆ, ಅಂದೇ ಅಳತೆ ತೆಗೆದುಕೊಳ್ಳಬಹುದು.